ನಲ್ಲಿ ಸೋರುವುದರಲ್ಲೂ ದೇವರ ಉದ್ದೇಶ ಇರುತ್ತದಾ?

ಪ್ರಶ್ನೆ:
ಅಮ್ಮನಿಗೆ ಪಾರ್ಶ್ವವಾಯು ಆಗಿ 8 ತಿಂಗಳಾಯಿತು. ರಾತ್ರಿ ಮೂರು ಸಲ ಎದ್ದು ಮಗ್ಗುಲು ಬದಲಿಸಬೇಕು. ಇದು ದೇವರೇ ವಹಿಸಿದ ಕೆಲಸ ಅಂದುಕೊಂಡಿದ್ದೇನೆ, ಹೇಗೋ ನಡೆಯುತ್ತಿದೆ. ತಡೆಯಲು ಆಗದಿರುವುದು ಬಚ್ಚಲ ನಲ್ಲಿ. ಎಷ್ಟು ತಿರುಗಿಸಿದರೂ ಟಪ್, ಟಪ್. ಮೊನ್ನೆ ರಾತ್ರಿ ಎರಡು ಗಂಟೆಗೆ ಬಕೆಟ್ ಒದ್ದುಬಿಟ್ಟೆ. ಹೆಬ್ಬೆರಳು ಊದಿದೆ. ದೊಡ್ಡ ಕಷ್ಟಕ್ಕೆ ಅರ್ಥ ಇದೆ ಅಂತ ನಂಬುವವಳು ಈ ಟಪ್ ಟಪ್‌ಗೆ ಏನಂತ ಅರ್ಥ ಹುಡುಕಲಿ? ಅಥವಾ ಇಷ್ಟು ಚಿಕ್ಕದಕ್ಕೆಲ್ಲ ಅವನು ತಲೆ ಹಾಕುವುದಿಲ್ವಾ?

ಉತ್ತರ 1:
ಕಾರಣ ಇಲ್ಲದೆ ಏನೂ ಆಗುವುದಿಲ್ಲ. ನಿಮಗೆ ತಾಳ್ಮೆ ಕಲಿಸುತ್ತಿದ್ದಾನೆ. ಭಾಗವತದಲ್ಲಿ ಕುಂತಿ ಕೃಷ್ಣನ ಹತ್ತಿರ ಕಷ್ಟಗಳೇ ಬರುತ್ತಿರಲಿ ಅಂತ ಬೇಡುತ್ತಾಳೆ. ಕಷ್ಟ ಬಂದಾಗಲೆಲ್ಲ ಅವನ ದರ್ಶನ ಆಗುತ್ತಿತ್ತಲ್ಲ, ಅದಕ್ಕೆ.

ಉತ್ತರ 2:
ಕುಂತಿ ಬೇಡಿದ್ದು ತನಗೆ. ಪಕ್ಕದ ಮನೆಯವರಿಗೆ ಉಪದೇಶ ಮಾಡಲಿಲ್ಲ!

ಬೈಬಲ್ಲಿನ ಯೋಬನನ್ನು ನೋಡಿ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಹೋಯಿತು. ಮೂವರು ಸ್ನೇಹಿತರು ಬಂದು 7 ಹಗಲು 7 ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯವರೆಗೂ ಚೆನ್ನಾಗಿತ್ತು. ಆಮೇಲೆ ಬಾಯಿ ಬಿಟ್ಟರು. ನೀನೇ ಏನೋ ತಪ್ಪು ಮಾಡಿರಬೇಕು ಅಂತ ಶುರು. ಕೊನೆಗೆ ದೇವರು ಸಿಟ್ಟಾಗಿದ್ದು ಆ ಸ್ನೇಹಿತರ ಮೇಲೆ. ಹಾಗಂತ ಯೋಬನಿಗೂ ಕಾರಣ ಹೇಳಲೇ ಇಲ್ಲ.

ನಿಮ್ಮ ನಲ್ಲಿಯ ವಾಷರ್ ಸವೆದಿರಬೇಕು. ಬದಲಿಸುವವರೆಗೆ ನಲ್ಲಿಯ ಬಾಯಿಗೆ ಒಂದು ದಾರ ಕಟ್ಟಿ ಬಕೆಟ್ಟಿನೊಳಗೆ ಇಳಿಬಿಡಿ. ಹನಿ ದಾರ ಹಿಡಿದು ಇಳಿಯುತ್ತದೆ, ಸದ್ದಿರುವುದಿಲ್ಲ.

ಉತ್ತರ 3:
ಅಪ್ಪನನ್ನು ನೋಡಿಕೊಳ್ಳುವಾಗ ನನಗೂ ಹೀಗೇ ಆಗಿತ್ತು. ಅವರ ಮೇಲೆ ರೇಗಲು ಮನಸ್ಸು ಬಾರದೆ ಬಾಗಿಲ ಚಿಲಕದ ಮೇಲೆ ರೇಗುತ್ತಿದ್ದೆ. ನಿಮಗೆ ನಿದ್ದೆ ಸಾಲುತ್ತಿಲ್ಲ ಕಣ್ರೀ. ವಾರಕ್ಕೊಂದು ರಾತ್ರಿಯಾದರೂ ಬೇರೆ ಯಾರಿಗಾದರೂ ಒಪ್ಪಿಸಿ ಮಲಗಿ.

ಪ್ರಶ್ನೆ ಕೇಳಿದವರು:
ತಂಗಿಗೆ ಹೇಳಿದ್ದೇನೆ, ಶನಿವಾರ ಬರುತ್ತಾಳೆ. ದಾರವನ್ನೂ ಕಟ್ಟಿದೆ. ನಿಜಕ್ಕೂ ಸದ್ದೇ ಇಲ್ಲ. ರಾತ್ರಿ ಮಗ್ಗುಲು ಬದಲಿಸಲು ಹೋದರೆ ಅಮ್ಮ ಎಚ್ಚರವಾಗಿದ್ದಳು. "ನಲ್ಲಿ ಯಾಕೆ ನಿಂತುಹೋಯ್ತು?" ಅಂತ ತೊದಲುತ್ತಾ ಕೇಳಿದಳು. ನಾನು ಬರುವವರೆಗೆ ಅದನ್ನೇ ಎಣಿಸುತ್ತಾ ಮಲಗಿರುತ್ತಿದ್ದಳಂತೆ.

ದಾರ ಬಿಚ್ಚಿದೆ. ವಾಷರ್ ತಂದಿಟ್ಟಿದ್ದೇನೆ, ಇನ್ನೂ ಹಾಕಿಲ್ಲ.