ಅಪ್‌ಡೇಟ್: ಟರ್ಮಿನಲ್‌ನಲ್ಲಿ ಬರುತ್ತಿದ್ದ 'ಯು ಹ್ಯಾವ್ ಮೇಲ್' ಏನು ಅಂತ ಗೊತ್ತಾಯಿತು

ಮನೆಯ ಮ್ಯಾಕ್‌ನಲ್ಲಿ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದಾಗಲೆಲ್ಲ 'ಯು ಹ್ಯಾವ್ ಮೇಲ್' ಅಂತ ಬರುತ್ತೆ, ವೈರಸ್ಸಾ ಅಂತ ಕೇಳಿದ್ದೆ ಅಲ್ವಾ? ವೈರಸ್ ಅಲ್ಲ. ಜಿಮೇಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಯುನಿಕ್ಸ್ (ಮ್ಯಾಕ್‌ಗೆ ಮೂಲವಾದ ಹಳೆಯ ಆಪರೇಟಿಂಗ್ ಸಿಸ್ಟಂ) ಕಾಲದಿಂದಲೂ ಪ್ರತಿ ಬಳಕೆದಾರನಿಗೂ ಕಂಪ್ಯೂಟರ್ ಒಳಗೇ ಒಂದು ಅಂಚೆಪೆಟ್ಟಿಗೆ ಇರುತ್ತೆ, ಕ್ರಾನ್‌ನಲ್ಲಿ (ಹೇಳಿದ ಸಮಯಕ್ಕೆ ಕೆಲಸಗಳನ್ನು ತಾನಾಗಿ ನಡೆಸುವ ವ್ಯವಸ್ಥೆ) ಹಾಕಿಟ್ಟ ಕೆಲಸ ಏನಾದರೂ ಸಂದೇಶ ಬರೆದರೆ ಅದು ಸೀದಾ ಅಲ್ಲಿಗೆ ಹೋಗುತ್ತೆ.

ನೀವು ಹೇಳಿದಂತೆ 'ಮೇಲ್' ಅಂತ ಟೈಪ್ ಮಾಡಿ ಓದಿದೆ. ಎಲ್ಲದರಲ್ಲೂ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ', ಅಂದರೆ ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ ಅಂತ! ಕ್ರಾನ್‌ನಲ್ಲಿ ಹಾಕಿದ್ದ, ರಾತ್ರಿ ಫೋಟೋ ಕಾಪಿ ಮಾಡುವ ಸ್ಕ್ರಿಪ್ಟ್‌ಗೆ ಹೊರಗಿನ ಡಿಸ್ಕೇ ಸಿಗುತ್ತಿರಲಿಲ್ಲ, ಅಂದರೆ ಬ್ಯಾಕಪ್ ಆಗಿಯೇ ಇಲ್ಲ.

ಕ್ರಾನ್‌ಟ್ಯಾಬ್‌ನಲ್ಲಿ (ಕ್ರಾನ್ ಕೆಲಸಗಳ ಪಟ್ಟಿ) 'ಮೇಲ್‌ಟು', ಅಂದರೆ ಮೇಲ್ ಯಾರಿಗೆ ಹೋಗಬೇಕು ಅನ್ನುವ ಸಾಲು, ಖಾಲಿ ಬಿಟ್ಟರೆ ಸಂದೇಶ ನಿಲ್ಲುತ್ತೆ ಅಂತ ಒಬ್ಬರು ಹೇಳಿದ್ದರು. ನಿಜ, ಆದರೆ ಎರರ್ ಕೂಡ ಕಾಣದೆ ಹೋಗುತ್ತೆ, ಅದಕ್ಕೇ ಮಾಮೂಲಿ ಔಟ್‌ಪುಟ್ ಮಾತ್ರ ಡೆವ್ ನಲ್‌ಗೆ (ಬಂದದ್ದನ್ನೆಲ್ಲ ಬಿಸಾಡುವ ಜಾಗ) ಕಳಿಸಿದೆ. ಎರರ್ ಬರಲಿ ಬಿಡಿ.