ಪದಚರ್ಚೆ: 'ಫಾಲೋ' ಹೇಗೋ ಆಯಿತು, 'ಅನ್‌ಫಾಲೋ'ಗೆ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ನಾವು ನಾಲ್ವರು ಕೊನೇ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗಳು. ಪ್ರಾಜೆಕ್ಟಿಗೆ ಅಂತ ಒಂದು ಪುಟ್ಟ ಸೋಶಿಯಲ್ ನೆಟ್‌ವರ್ಕ್ ವೆಬ್ ಆಪ್ ಕಟ್ಟುತ್ತಿದ್ದೇವೆ. ಪರದೆ ಮೇಲಿನ ಮಾತೆಲ್ಲ ಕನ್ನಡದಲ್ಲೇ ಇರಬೇಕು ಅನ್ನುವುದು ನಮ್ಮ ಹಟ. ಕೋಡ್ ಹೇಗೋ ಸಾಗುತ್ತಿದೆ. ಜಗಳ ನಡೆಯುತ್ತಿರುವುದು ಒಂದೇ ಒಂದು ಬಟನ್ ಬಗ್ಗೆ.

ಒಬ್ಬರು ಬರೆದಿದ್ದೆಲ್ಲ ನಮಗೆ ಬರುತ್ತಿರಲಿ ಅಂತ ಒತ್ತುವ ಫಾಲೋ ಬಟನ್‌ಗೆ ಮೊದಲು 'ಹಿಂಬಾಲಿಸಿ' ಅಂತ ಹಾಕಿದೆವು. ನನಗೆ ಹಿಡಿಸಲಿಲ್ಲ. 'ಬೈಕಿನಲ್ಲಿ ಹಿಂಬಾಲಿಸಿ ಬಂದು ಸರ ಕಿತ್ತುಕೊಂಡರು' ಅಂತ ಪೇಪರಿನಲ್ಲಿ ಓದಿ ಬೆಳೆದವರು ನಾವು. 'ಹಿಂಬಾಲಕರು' ಅಂದರಂತೂ ಶಾಸಕರ ಕಾರಿನ ಸುತ್ತ ಇರುವ ಮಂದಿಯೇ ಕಣ್ಣಿಗೆ ಬರುತ್ತಾರೆ. 'ಅನುಸರಿಸಿ' ನಿಯಮಕ್ಕೆ ಸರಿ, ಪಕ್ಕದ ಬೆಂಚಿನವನಿಗಲ್ಲ. 'ಅನುಯಾಯಿ' ಬಸವಣ್ಣ, ಗಾಂಧಿ ಅಂಥವರಿಗೆ. ತಂಡದಲ್ಲೊಬ್ಬಳು 'ಚಂದಾದಾರರು' ಅಂದಳು. ಪತ್ರಿಕೆ ತರಿಸುವವರಿಗೆ ಇರುವ ಪದ, ಅರ್ಥವೂ ಹತ್ತಿರವೇ. ಆದರೆ ಚಂದಾ ಅಂದ ಕೂಡಲೇ ಗಣೇಶನ ಹಬ್ಬಕ್ಕೆ ರಸೀದಿ ಪುಸ್ತಕ ಹಿಡಿದು ಬರುವ ಹುಡುಗರು ನೆನಪಾಗಿ ಎಲ್ಲರೂ ನಕ್ಕುಬಿಟ್ಟೆವು.

ಇಷ್ಟೇ ಆಗಿದ್ದರೆ 'ಫಾಲೋ ಮಾಡಿ' ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆವು. ಎಲ್ಲರೂ ಆಡುವುದು ಹಾಗೇ ಅಲ್ವಾ. ಸಿಕ್ಕಿಹಾಕಿಕೊಂಡಿದ್ದು ಅನ್‌ಫಾಲೋ, ಅಂದರೆ ಫಾಲೋ ಮಾಡಿದ್ದನ್ನು ಬಿಡುವುದರ ಹತ್ತಿರ.

'ಹಿಂಬಾಲಿಸಬೇಡಿ' ಅಂತ ಹಾಕಿ ಅಮ್ಮನ ಕೈಗೆ ಫೋನ್ ಕೊಟ್ಟೆ. ನನ್ನ ಗೆಳತಿಯ ಪುಟ ನೋಡಿ ಅಮ್ಮ, "ಇವಳ್ಯಾಕೆ ಹಿಂಬಾಲಿಸಬೇಡಿ ಅಂತ ಬರ್ಕೊಂಡಿದ್ದಾಳೆ, ಯಾರಾದ್ರೂ ಕಾಟ ಕೊಡ್ತಿದ್ದಾರಾ?" ಅಂದರು. ನಿಜ, ಅದು ಗೋಡೆ ಮೇಲಿನ 'ಇಲ್ಲಿ ಕಸ ಹಾಕಬೇಡಿ' ಥರವೇ ಇದೆ. 'ಬೇಡಿ' ತಡೆಯುತ್ತದೆ, ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. 'ಹಿಂಬಾಲಿಸುವುದನ್ನು ನಿಲ್ಲಿಸಿ' ಅಂತ ಬದಲಿಸಿದೆವು. ಅರ್ಥ ಸರಿಯಾಯಿತು. ಆದರೆ ಚಿಕ್ಕ ಪರದೆಯಲ್ಲಿ ಎರಡು ಸಾಲಾಗಿ ಒಡೆದು, ಕೆಳಗಿನ ಒತ್ತಕ್ಷರ ಕತ್ತರಿಸಿ, ಬರೀ 'ನಿಲಿಸಿ' ಅಂತ ಕಾಣುತ್ತಿತ್ತು.

ಆಮೇಲೆ ಹೊಳೆಯಿತು. ಇಂಗ್ಲಿಷಿನಲ್ಲಿ ಮುಂದೆ 'ಅನ್' ಅಂಟಿಸಿದರೆ ಮಾಡಿದ್ದು ಕಳಚಿಕೊಳ್ಳುತ್ತದೆ. ಕನ್ನಡದಲ್ಲಿ ಅಂಥ ತುಂಡೇ ಇಲ್ಲ, ಕಳಚುವುದಕ್ಕೆ ಬೇರೆ ಕ್ರಿಯಾಪದವೇ ಬೇಕು. ಕಟ್ಟಿದ್ದನ್ನು ಬಿಚ್ಚುತ್ತೇವೆ, ಮಡಚಿದ್ದನ್ನು ಬಿಡಿಸುತ್ತೇವೆ, ಅಂಟಿಸಿದ್ದನ್ನು ಕೀಳುತ್ತೇವೆ. ಸಂಸ್ಕೃತದ 'ಅ' ಇದೆಯಲ್ಲ ಅನ್ನಬಹುದು. ಅದು ಅಶಾಂತಿ, ಅನ್ಯಾಯ ಅಂತ 'ಇಲ್ಲ' ಅನ್ನುತ್ತದೆ ಅಷ್ಟೇ, ಯಾವುದನ್ನೂ ಬಿಚ್ಚುವುದಿಲ್ಲ. ಹಾಗಾಗಿ ನಮಗೆ ಬೇಕಿರುವುದು ಒಂದು ಪದ ಅಲ್ಲ, ಒಂದು ಜೋಡಿ.

'ಕೂಡಿ–ಬಿಡಿ' ನೋಡಿದೆವು. ಧಾರವಾಡ ಕಡೆಯ ಗೆಳೆಯ, "ನಮ್ಮ ಕಡೆ ಕೂಡ್ರಿ ಅಂದ್ರ ಕುರ್ಚಿ ಕೊಡಬೇಕಾಗ್ತದ" ಅಂದ. 'ಜೊತೆಯಾಗಿ–ಜೊತೆ ಬಿಡಿ' ಕೇಳಲು ಚೆನ್ನಾಗಿದೆ, ಆದರೆ ಜೊತೆ ಅಂದರೆ ಇಬ್ಬರೂ ಒಪ್ಪಬೇಕು. ಫಾಲೋ ಒಂದೇ ಕಡೆಯದು.

ಹುಡುಕುತ್ತಾ ಹೋದರೆ ತಕ್ಕ ಜೋಡಿ ಒಂದು ಮನೆಯಲ್ಲೇ ಇದೆ: 'ಬೆನ್ನು ಹತ್ತು' ಮತ್ತು 'ಬೆನ್ನು ಬಿಡು'. ಒಂದೇ ಕಡೆಯದು, ಚಿಕ್ಕದು, ಬಿಡುವ ಕೆಲಸವೂ ಅದರಲ್ಲೇ ಇದೆ. ತೊಂದರೆ ಏನೆಂದರೆ ಬೆನ್ನು ಬಿಡದ್ದು ಅಂದರೆ ಮೊದಲು ನೆನಪಾಗುವುದು ಬೇತಾಳ! ಹಾಗಂತ ಆ ಮಾತು ಪೂರ್ತಿ ಕೆಟ್ಟದ್ದೂ ಅಲ್ಲ. 'ಕನಸಿನ ಬೆನ್ನು ಹತ್ತಿ ಹೊರಟ' ಅಂದರೆ ಹೊಗಳಿಕೆಯೇ. ವಸ್ತುವಿಗೆ, ಗುರಿಗೆ ಒಳ್ಳೆಯ ಅರ್ಥ, ಮನುಷ್ಯರಿಗೆ ಬಂದಾಗ ಕಾಟದ ಅರ್ಥ ಅಂತ ನನಗನ್ನಿಸುತ್ತದೆ.

ಇದೇ ನನ್ನ ಪ್ರಶ್ನೆ. ಒಬ್ಬ ಮನುಷ್ಯನ 'ಬೆನ್ನು ಹತ್ತುವುದು' ಅಕ್ಕರೆಯ ಅರ್ಥದಲ್ಲಿ ನಿಮ್ಮ ಊರಿನ ಮಾತಿನಲ್ಲಿ ಇದೆಯಾ? ಇದ್ದರೆ ಒಂದು ವಾಕ್ಯ ಬರೆದು ತಿಳಿಸಿ. ಇಲ್ಲದಿದ್ದರೆ ಇಂಥದೇ ಬೇರೆ ಜೋಡಿ ಹೇಳಿ, ಎರಡೂ ಎಂಟು ಅಕ್ಷರದೊಳಗೆ ಇರಲಿ. ಬಟನ್ ಅಷ್ಟೇ ಅಗಲ ಇದೆ.