ಹರ್ಕ್ಯುಲಿಸ್ ಶುರುವಾಗುವಾಗ ಕಾನ್ಫಿಗರೇಶನ್ ಫೈಲ್ ಸಿಗುತ್ತಿಲ್ಲ, ಆದರೆ ಫೈಲ್ ಇದೆ

ಪ್ರಶ್ನೆ

ನಮಸ್ಕಾರ. ಐಬಿಎಂನ ಹಳೆಯ ಮೇನ್‌ಫ್ರೇಮ್ ಆಪರೇಟಿಂಗ್ ಸಿಸ್ಟಮ್ ಆದ ಎಂವಿಎಸ್ 3.8ಜೆಯ ಅಭ್ಯಾಸಕ್ಕಾಗಿ, ಅದನ್ನು ಸಿದ್ಧಪಡಿಸಿ ಕೊಡುವ ಟಿಕೆ4- ಎಂಬ ಕಟ್ಟಿನ ಜಿಪ್ ಫೈಲನ್ನು ವಿಂಡೋಸ್‌ನಲ್ಲಿ ಬಿಚ್ಚಿ, ಆ ಫೋಲ್ಡರನ್ನು ಪೆನ್‌ಡ್ರೈವ್ ಮೂಲಕ ಉಬುಂಟು ಕಂಪ್ಯೂಟರಿಗೆ ತಂದಿದ್ದೇನೆ. ಮೇನ್‌ಫ್ರೇಮನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಅನುಕರಿಸುವ ಹರ್ಕ್ಯುಲಿಸ್ ಎಮ್ಯುಲೇಟರನ್ನು ಓಡಿಸಲು ‘ಹರ್ಕ್ಯುಲಿಸ್’ ಎಂದಷ್ಟೇ ಕಮಾಂಡ್ ಕೊಟ್ಟರೆ ‘ಹರ್ಕ್ಯುಲಿಸ್.ಸಿಎನ್‌ಎಫ್’ ತೆರೆಯಲಾಗಲಿಲ್ಲವೆಂದು ನಿಂತುಬಿಡುತ್ತದೆ. ‘ಕಾನ್ಫ್’ ಫೋಲ್ಡರಿಗೆ ಹೋಗಿ, ‘-ಎಫ್’ ಆಯ್ಕೆಯ ಮುಂದೆ ‘ಟಿಕೆ4-.ಸಿಎನ್‌ಎಫ್’ ಎಂದು ಬರೆದರೆ ಆ ಸಂದೇಶ ಹೋಗುತ್ತದೆ, ಬದಲಿಗೆ ‘ಡಿಎಎಸ್‌ಡಿ/ಎಂವಿಎಸ್‌ರೆಸ್.148’ ಮೊದಲಾದ ಡಿಸ್ಕ್ ಫೈಲುಗಳು ಇಲ್ಲವೆನ್ನುತ್ತದೆ. ಅವೆಲ್ಲ ಪಕ್ಕದ ಫೋಲ್ಡರಿನಲ್ಲೇ ಇವೆ. ಪ್ರತಿ ಸಾಲಿನಲ್ಲೂ ಪೂರ್ತಿ ಪಾತ್ ಬರೆಯಬೇಕೇ?

ಉತ್ತರ 1

ಬರೆಯಬೇಡಿ, ಕಾನ್ಫಿಗರೇಶನ್ ಫೈಲಿನಲ್ಲಿ ತಪ್ಪೇನೂ ಇಲ್ಲ. ಹೆಸರು ಕೊಡದಿದ್ದಾಗ ಹರ್ಕ್ಯುಲಿಸ್ ಮೊದಲು ‘ಹರ್ಕ್ಯುಲಿಸ್_ಸಿಎನ್‌ಎಫ್’ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ನೋಡುತ್ತದೆ, ಅದೂ ಇಲ್ಲವಾದರೆ ನೀವು ಆ ಹೊತ್ತಿಗೆ ಯಾವ ಫೋಲ್ಡರಿನಲ್ಲಿದ್ದೀರೋ ಅಲ್ಲಿ ‘ಹರ್ಕ್ಯುಲಿಸ್.ಸಿಎನ್‌ಎಫ್’ ಹುಡುಕುತ್ತದೆ. ಟಿಕೆ4-ರಲ್ಲಿ ಆ ಹೆಸರಿನ ಫೈಲನ್ನು ಬಳಸುವುದೇ ಇಲ್ಲವಾದ್ದರಿಂದ ಮೊದಲ ಸಂದೇಶ ಸಹಜ. ಎರಡನೆಯದಕ್ಕೆ ಕಾರಣ ಬೇರೆ: ಅರ್ಧ ಪಾತ್ (ರಿಲೇಟಿವ್ ಪಾತ್) ಕಂಡಾಗ ಅದನ್ನು ಕಾನ್ಫಿಗರೇಶನ್ ಫೈಲ್ ಇರುವ ಜಾಗದಿಂದಲ್ಲ, ನೀವು ಕಮಾಂಡ್ ಕೊಟ್ಟ ಜಾಗದಿಂದ ಲೆಕ್ಕ ಹಾಕಲಾಗುತ್ತದೆ. ನೀವು ‘ಕಾನ್ಫ್’ ಒಳಗೆ ನಿಂತಿದ್ದರಿಂದ ಅದು ‘ಕಾನ್ಫ್/ಡಿಎಎಸ್‌ಡಿ’ ಎಂಬ ಇಲ್ಲದ ಫೋಲ್ಡರನ್ನು ಹುಡುಕಿತು. ಒಂದು ಮೆಟ್ಟಿಲು ಮೇಲಕ್ಕೆ ಬಂದು ‘-ಎಫ್ ಕಾನ್ಫ್/ಟಿಕೆ4-.ಸಿಎನ್‌ಎಫ್’ ಎಂದು ಕೊಡಿ. ಅನುಮಾನ ಉಳಿದರೆ ಎಸ್‌ಟ್ರೇಸ್ (ಪ್ರೋಗ್ರಾಂ ಲಿನಕ್ಸನ್ನು ಕೇಳುವುದನ್ನೆಲ್ಲ ತೋರಿಸುವ ಸಾಧನ) ಮೂಲಕ ಓಡಿಸಿ, ಇಎನ್‌ಒಇಎನ್‌ಟಿ (ಅಂಥ ಫೈಲ್ ಇಲ್ಲ) ಎಂದಿರುವ ಸಾಲುಗಳನ್ನಷ್ಟೇ ಓದಿದರೆ ಅದು ನಿಜಕ್ಕೂ ಹುಡುಕಿದ ಪಾತ್ ಯಾವುದೆಂದು ತಿಳಿಯುತ್ತದೆ. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳು ಬೇರೆ ಬೇರೆ ಎಂಬುದೂ ನೆನಪಿರಲಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಈಗ ಫೈಲುಗಳೆಲ್ಲ ತೆರೆದುಕೊಂಡು ಕನ್ಸೋಲ್ ಬಂದಿದೆ, ಆದರೆ ಐಪಿಎಲ್ (ಎಂವಿಎಸ್ ಬೂಟ್) ಆಗುತ್ತಿಲ್ಲ, ದೋಷದ ಸಂದೇಶವೂ ಇಲ್ಲ. ‘./ಎಂವಿಎಸ್’ ಸ್ಕ್ರಿಪ್ಟ್ ಕೊಟ್ಟರೆ ‘ಪರ್ಮಿಶನ್ ಡಿನೈಡ್’ ಎನ್ನುತ್ತದೆ.

ಉತ್ತರ 2

ಇಲ್ಲೂ ಒಂದು ಫೈಲು ಸಿಕ್ಕಿಲ್ಲ, ಆದರೆ ಈ ಬಾರಿ ಹರ್ಕ್ಯುಲಿಸ್ ಅದನ್ನು ಹೇಳುವುದಿಲ್ಲ. ಶುರುವಿನಲ್ಲಿ ತಾನಾಗಿ ಓಡಬೇಕಾದ ಕಮಾಂಡುಗಳಿಗೆ ‘ಹರ್ಕ್ಯುಲಿಸ್.ಆರ್‌ಸಿ’ ಎಂಬ ಇನ್ನೊಂದು ಫೈಲಿದೆ. ಅದು ಕಾಣದಿದ್ದರೆ ದೂರದೆ ಮುಂದೆ ಹೋಗುತ್ತದೆ. (ಇಂಥ ಮೌನಕ್ಕಿಂತ ಆ ಮೊದಲಿನ ದೋಷ ಸಂದೇಶವೇ ವಾಸಿ.) ‘ಎಂವಿಎಸ್’ ಸ್ಕ್ರಿಪ್ಟು ‘ಹರ್ಕ್ಯುಲಿಸ್_ಆರ್‌ಸಿ’ ವೇರಿಯಬಲ್ಲನ್ನು ‘ಸ್ಕ್ರಿಪ್ಟ್ಸ್/ಐಪಿಎಲ್.ಆರ್‌ಸಿ’ ಕಡೆಗೆ ತಿರುಗಿಸುತ್ತದೆ, ಜೊತೆಗೆ ಟಿಕೆ4- ತನ್ನೊಡನೆ ತಂದಿರುವ ಹರ್ಕ್ಯುಲಿಸನ್ನೇ ಬಳಸುವಂತೆ ಪಾತ್ ಹೊಂದಿಸುತ್ತದೆ. ನೀವು ನೇರವಾಗಿ ಓಡಿಸುತ್ತಿರುವುದು ಬಹುಶಃ ಉಬುಂಟು ಪ್ಯಾಕೇಜಿನ ಬೇರೆ ಆವೃತ್ತಿ. ತಾತ್ಕಾಲಿಕವಾಗಿ ಕನ್ಸೋಲಿನಲ್ಲಿ ‘ಐಪಿಎಲ್ 148’ ಎಂದು ಕೊಟ್ಟು ನೋಡಬಹುದು.

ಶಾಶ್ವತ ಪರಿಹಾರವೆಂದರೆ ಜಿಪ್ ಫೈಲನ್ನೇ ಉಬುಂಟುವಿಗೆ ತಂದು, ಲಿನಕ್ಸ್ ಫೈಲ್‌ಸಿಸ್ಟಮ್ಮಿನಲ್ಲಿ ಮತ್ತೆ ಬಿಚ್ಚುವುದು. ವಿಂಡೋಸ್‌ನಲ್ಲಿ ಬಿಚ್ಚಿದಾಗ ಎಕ್ಸಿಕ್ಯೂಟ್ ಪರ್ಮಿಶನ್ ಉಳಿಯುವುದಿಲ್ಲ. ಸ್ಕ್ರಿಪ್ಟನ್ನು ನೋಟ್‌ಪ್ಯಾಡಿನಲ್ಲಿ ಹೊಸದಾಗಿ ಬರೆದು ಉಳಿಸಿದ್ದರೆ ಸಾಲುಗಳ ಕೊನೆಯಲ್ಲಿ ಕ್ಯಾರೇಜ್ ರಿಟರ್ನ್ ಸೇರಿ, ಬ್ಯಾಶ್ ಇಂಟರ್‌ಪ್ರಿಟರ್ರೇ ಸಿಗಲಿಲ್ಲವೆಂಬ ದಾರಿ ತಪ್ಪಿಸುವ ದೋಷ ಬರುತ್ತದೆ. ‘ಕ್ಯಾಟ್ -ಎ’ ಕೊಟ್ಟರೆ ಅದು ‘^ಎಂ’ ಎಂದು ಕಾಣಿಸುತ್ತದೆ.

ಉತ್ತರ 3

ಒಂದು ಸೇರ್ಪಡೆ. ಐಪಿಎಲ್ ಶುರುವಾದ ಮೇಲೆ ಬರುವ ‘ನಾಟ್ ಫೌಂಡ್’ ಸಂದೇಶಗಳಿಗೆ ಲಿನಕ್ಸ್ ಫೋಲ್ಡರಿನಲ್ಲಿ ಉತ್ತರ ಹುಡುಕಬೇಡಿ. ಅಲ್ಲಿಂದ ಮುಂದೆ ಎಂವಿಎಸ್ ತನ್ನ ಡಿಸ್ಕಿನೊಳಗಿನ ಸಿಸ್1.ಪಾರ್ಮ್‌ಲಿಬ್‌ನಲ್ಲಿರುವ ಐಇಎಸಿಸ್00 ಮುಂತಾದ ಮೆಂಬರುಗಳನ್ನು ಓದುತ್ತದೆ. ಎಂವಿಎಸ್‌ನ ಇಂದಿನ ರೂಪವಾದ ಜೆಡ್/ಒಎಸ್‌ನಲ್ಲಿ ಇದಕ್ಕೂ ಮೊದಲು ಲೋಡ್‌ಎಕ್ಸ್‌ಎಕ್ಸ್ ಮೆಂಬರ್ ಸಿಗಬೇಕು: ಐಒಡಿಎಫ್ (ಯಂತ್ರಕ್ಕೆ ಜೋಡಿಸಿದ ಸಾಧನಗಳ ವಿವರವಿರುವ ಫೈಲ್) ಇರುವ ವಾಲ್ಯೂಮಿನಲ್ಲಿ, ಅಂದರೆ ಡಿಸ್ಕಿನಲ್ಲಿ, ಸಿಸ್0.ಐಪಿಎಲ್‌ಪಾರ್ಮ್‌ನಿಂದ ಸಿಸ್9ರವರೆಗೆ, ಬಳಿಕ ಅದೇ ವಾಲ್ಯೂಮಿನ ಸಿಸ್1.ಪಾರ್ಮ್‌ಲಿಬ್‌ನಲ್ಲಿ, ಕೊನೆಗೆ ಸಿಸ್ಟಮ್ ಬೂಟ್ ಆಗುವ ಸಿಸ್‌ರೆಸ್ ವಾಲ್ಯೂಮಿನಲ್ಲಿ ಹುಡುಕಲಾಗುತ್ತದೆ. ಆದ್ದರಿಂದ ಅಲ್ಲಿ ಮೆಂಬರ್ ಕಾಣದಿದ್ದರೆ ಮೊದಲು ಐಪಿಎಲ್ ಮಾಡುವಾಗ ಕೊಡುವ ಎಂಟು ಅಕ್ಷರದ ಲೋಡ್ ಪ್ಯಾರಾಮೀಟರ್ ನೋಡಿ. ಮೊದಲ ನಾಲ್ಕು ಐಒಡಿಎಫ್ ಡಿಸ್ಕಿನ ವಿಳಾಸ, ಮುಂದಿನ ಎರಡು ಲೋಡ್‌ಎಕ್ಸ್‌ಎಕ್ಸ್‌ನ ಕೊನೆಯ ಅಕ್ಷರಗಳು.